ಕೋಶಕೇಂದ್ರದ ಕಥೆ

ಅಥಣಿ ಸೀಮೆಯ ಕೊಕಟನೂರಿನ ಹೊಲದಲ್ಲಿ ಬೆಳೆಯುವ ಕಬ್ಬು, ಅದನ್ನು ಬೆಳೆಯುವ ರೈತ, ಅವನ ಮನೆಯ ಮೊಸರು—ಈ ಮೂರರಲ್ಲಿಯೂ ಜೀವಕೋಶಗಳುಂಟು. ಆದರೆ ಎಲ್ಲ ಕೋಶಗಳಲ್ಲಿಯೂ ನ್ಯೂಕ್ಲಿಯಸ್ ಎಂಬ ಕೋಶಕೇಂದ್ರ ಉಂಟೇ? ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರ ದೊರೆಯಲು ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಆ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ವಿಚಾರಿಸೋಣ.

ಸೂಕ್ಷ್ಮದರ್ಶಕದಲ್ಲಿ ಕೋಶದೊಳಗೆ ಕಾಣುವ ದುಂಡನೆಯ ಗುರುತಿಗೆ ಈ ಹೆಸರನ್ನಿತ್ತವನು ರಾಬರ್ಟ್ ಬ್ರೌನ್ ಎಂಬ ಸ್ಕಾಟ್ಲೆಂಡಿನ ಸಸ್ಯಶಾಸ್ತ್ರಜ್ಞ. ೧೮೩೧ರಲ್ಲಿ ಆತನು ಆರ್ಕಿಡ್ ಗಿಡಗಳನ್ನು ಪರೀಕ್ಷಿಸುತ್ತ ಅದನ್ನು ವರ್ಣಿಸಿದನು. ೧೮೩೮ರಲ್ಲಿ ಶ್ಲೈಡೆನ್ನನು ಸಸ್ಯಗಳಲ್ಲಿಯೂ, ೧೮೩೯ರಲ್ಲಿ ಥಿಯೋಡೋರ್ ಶ್ವಾನನು ಪ್ರಾಣಿಗಳಲ್ಲಿಯೂ ಅದರ ಮಹತ್ವವನ್ನು ಎತ್ತಿಹಿಡಿದರು. ಅಣಬೆ, ಅಮೀಬಾ, ಹಿಟ್ಟನ್ನು ಉಬ್ಬಿಸುವ ಈಸ್ಟು ಇವೂ ಕೇಂದ್ರವುಳ್ಳ ಪಂಗಡಕ್ಕೆ ಸೇರಿದವು.

ಮೊಸರಿನ ಬ್ಯಾಕ್ಟೀರಿಯಾಗಳಾದರೋ ಬೇರೆಯ ಬಗೆ. ಅವುಗಳ ಆನುವಂಶಿಕ ದ್ರವ್ಯಕ್ಕೆ ಸುತ್ತಲೂ ಪೊರೆಯಿಲ್ಲ. ೧೯೨೫ರಲ್ಲಿ ಫ್ರಾನ್ಸಿನ ಶಾತೊಂ ಎಂಬಾತನು ಈ ಎರಡು ಪಂಗಡಗಳಿಗೂ ಬೇರೆಬೇರೆ ಹೆಸರುಗಳನ್ನು ಬಳಸಿದನು. ೧೯೬೨ರಲ್ಲಿ ಸ್ಟೇನಿಯರ್ ಮತ್ತು ವಾನ್ ನೀಲ್ ಅವರು ಭೇದವನ್ನು ಖಚಿತಗೊಳಿಸಿದರು.

ಇದ್ದ ಕೇಂದ್ರವನ್ನು ಕಳೆದುಕೊಳ್ಳುವ ಕೋಶಗಳೂ ಉಂಟು. ಮನುಷ್ಯನ ಕೆಂಪು ರಕ್ತಕಣವು ಬೆಳೆಯುತ್ತಲೇ ಕೇಂದ್ರವನ್ನು ಹೊರದೂಡುತ್ತದೆ. ಆಮೇಲೆ ವಿಭಜನೆಯಿಲ್ಲದೆ ಸುಮಾರು ೧೨೦ ದಿವಸ ಬಾಳಿ ಅಳಿಯುತ್ತದೆ. ಕೋಳಿಯ ರಕ್ತಕಣದಲ್ಲಿಯಾದರೋ ಕೇಂದ್ರವು ಉಳಿದಿರುತ್ತದೆ. ಕಬ್ಬಿನ ಎಲೆಯಲ್ಲಿ ಹುಟ್ಟಿದ ಸಕ್ಕರೆಯನ್ನು ದಂಟಿಗೆ ಒಯ್ಯುವ ನಾಳದ ಕೋಶಗಳಿಗೂ ಬಲಿತಮೇಲೆ ಕೇಂದ್ರವಿರದು. ಪಕ್ಕದ ಸಂಗಾತಿ ಕೋಶವೇ ಅವನ್ನು ಪೋಷಿಸಬೇಕು.

ಇದು ಪಂಡಿತರ ವರ್ಗೀಕರಣ ಮಾತ್ರವೆಂದು ಭಾವಿಸಲಾಗದು. ೧೮೯೭ರಲ್ಲಿ ಬೆಳಗಾವಿಯನ್ನೂ, ೧೮೯೮ರಲ್ಲಿ ಬೆಂಗಳೂರನ್ನೂ ಪೀಡಿಸಿದ ಪ್ಲೇಗಿಗೆ ಕಾರಣವಾದ ಕ್ರಿಮಿಯನ್ನು ಯೆರ್ಸಿನ್ ೧೮೯೪ರಲ್ಲಿಯೇ ಗುರುತಿಸಿದ್ದನು. ಅದು ಕೇಂದ್ರವಿಲ್ಲದ ಬ್ಯಾಕ್ಟೀರಿಯಾ. ಆದರೂ ಜನರು ಮನೆಮಠಗಳನ್ನು ತೊರೆದು ಬಯಲು ಸೇರಬೇಕಾಯಿತು. ಕ್ರಿಮಿಯನ್ನು ಕೊಲ್ಲುವ ಮದ್ದು ಆಗ ಇರಲಿಲ್ಲ. ೧೯೪೪ರಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಅದಕ್ಕೆ ಪರಿಹಾರವಾಯಿತು. ಕೇಂದ್ರವಿಲ್ಲದ ಆ ಜೀವಿಗಳಲ್ಲಿ ಪ್ರೋಟೀನನ್ನು ಕಟ್ಟುವ ಯಂತ್ರದ ರಚನೆಯೇ ಬೇರೆ. ಮದ್ದು ಅದನ್ನು ಹಿಡಿದು ಕೆಡಿಸುತ್ತದೆ. ಮನುಷ್ಯಕೋಶದ ಯಂತ್ರವನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ರೋಗಿಯನ್ನು ಉಳಿಸಿ ರೋಗಾಣುವನ್ನು ಅಳಿಸುವ ವೈದ್ಯನ ಸಾಮರ್ಥ್ಯವು ಈ ಎರಡು ಪಂಗಡಗಳ ಭೇದವನ್ನೇ ಆಶ್ರಯಿಸಿದೆ.