ಹಳೆಯ ಕ್ಯಾಮೆರಾ, ಹಳೆಯ ಕಲ್ಲು

ಮುಂಡರಗಿ ತಾಲ್ಲೂಕಿನ ಡಂಬಳದ ದೊಡ್ಡಬಸಪ್ಪ ದೇವಾಲಯದ ಗೋಡೆ ಹೆಜ್ಜೆ ಹೆಜ್ಜೆಗೂ ಮೂಲೆ ತಿರುಗುತ್ತದೆ. ಗುಡಿಯ ತಳವಿನ್ಯಾಸ ನಕ್ಷತ್ರದಾಕಾರದ್ದು. ಇಂದು ಅಲ್ಲಿಗೆ ಹೋದವರು ಜೇಬಿನಿಂದ ಮೊಬೈಲ್ ತೆಗೆದು ಒಂದು ನಿಮಿಷದಲ್ಲಿ ಹತ್ತು ಚಿತ್ರ ತೆಗೆಯುತ್ತಾರೆ. 1850ರ ದಶಕದಲ್ಲಿ ಇದೇ ಗುಡಿಯ ಮುಂದೆ ಒಬ್ಬ ಇಂಗ್ಲಿಷ್ ವೈದ್ಯ ಮರದ ಪೆಟ್ಟಿಗೆಯಂಥ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಒಂದೇ ಒಂದು ಚಿತ್ರಕ್ಕಾಗಿ ನಿಮಿಷಗಟ್ಟಲೆ ಕಾದಿದ್ದ. ಆ ಚಿತ್ರಗಳನ್ನು ಇಂದಿಗೂ ವಿದ್ವಾಂಸರು ನೋಡುತ್ತಾರೆ. ಮೊಬೈಲಿನ ಹತ್ತು ಚಿತ್ರಗಳು ಎಲ್ಲಿ ಹೋದವೆಂದು ತೆಗೆದವರಿಗೇ ಗೊತ್ತಿರುವುದಿಲ್ಲ.

ಹೊಸ ಕ್ಯಾಮೆರಾ ಕೊಳ್ಳಲು ಹಣವಿಲ್ಲ, ಮನೆಯಲ್ಲಿರುವುದು ಹದಿನೈದು ಇಪ್ಪತ್ತು ವರ್ಷದ ಹಿಂದಿನದು ಎಂದು ಕೈಚೆಲ್ಲುವ ತರುಣರಿಗೆ ಈ ವೈದ್ಯನ ಕಥೆಯಲ್ಲಿ ಪಾಠವಿದೆ.

ಮೇಣದ ಕಾಗದದ ಕಾಲ

ಮುಂಬೈ ಸರ್ಕಾರ 1855ರಲ್ಲಿ ಫಿರಂಗಿ ದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್ ಅವರನ್ನು ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ವಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಕೆಲಸ ಮಾಡಿದ ಅವರನ್ನು ವರ್ಷ ಮುಗಿಯುವಷ್ಟರಲ್ಲಿ ಸೇನೆ ಮರಳಿ ಕರೆಸಿಕೊಂಡಿತು. ಅವರ ಜಾಗಕ್ಕೆ ಬಂದವರೇ ಡಾ. ವಿಲಿಯಂ ಹೆನ್ರಿ ಪಿಗೌ. ಗದಗ, ಲಕ್ಕುಂಡಿ, ಡಂಬಳಗಳ ದೇವಾಲಯಗಳು ಅವರ ಕ್ಯಾಮೆರಾದಲ್ಲಿ ಸೆರೆಯಾದವು. ಆಗ ಈ ಭಾಗವೆಲ್ಲ ಧಾರವಾಡ ಜಿಲ್ಲೆಯಲ್ಲಿತ್ತು. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಪಿಗೌ ಅವರ ಕೆಲಸ ಮುಗಿದ ಸ್ವಲ್ಪ ಕಾಲಕ್ಕೇ, 1858ರಲ್ಲಿ, ಮುಂಡರಗಿ ಭೀಮರಾಯ ಮತ್ತು ನರಗುಂದದ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಬಂಡೆದ್ದರು.

ಬಿಗ್ಸ್, ಪಿಗೌ ಹಾಗೂ ಎ.ಸಿ.ಬಿ. ನೀಲ್ ತೆಗೆದ ಚಿತ್ರಗಳು 1866ರಲ್ಲಿ ‘ಆರ್ಕಿಟೆಕ್ಚರ್ ಇನ್ ಧಾರವಾರ್ ಆ್ಯಂಡ್ ಮೈಸೂರ್’ ಎಂಬ ದೊಡ್ಡ ಗ್ರಂಥವಾಗಿ ಲಂಡನ್ನಿನಲ್ಲಿ ಪ್ರಕಟವಾದವು. ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಇತಿಹಾಸ ಭಾಗವನ್ನೂ, ಜೇಮ್ಸ್ ಫರ್ಗುಸನ್ ವಾಸ್ತುಶಿಲ್ಪದ ಟಿಪ್ಪಣಿಗಳನ್ನೂ ಬರೆದರು.

ಆಗ ಬಳಕೆಯಲ್ಲಿದ್ದ ಉಪಕರಣ ಎಂಥದು? ಬಿಸಿಲ ನಾಡುಗಳಿಗೆ ಹೊರಟವರು ಹೆಚ್ಚಾಗಿ ನೆಚ್ಚುತ್ತಿದ್ದುದು ಕಾಗದದ ನೆಗೆಟಿವ್. ತೆಳು ಕಾಗದಕ್ಕೆ ಜೇನುಮೇಣ ಹೀರಿಸಿ, ಬೆಳ್ಳಿಯ ಲವಣ ಲೇಪಿಸಿ ಒಣಗಿಸಿಟ್ಟರೆ ಕೆಲವು ದಿನ ಕೆಡದೆ ಇರುತ್ತಿತ್ತು. ಬೆಳಕಿಗೆ ಅದು ಬಹಳ ಮಂದ. ಬೆಳಕು ಬಿದ್ದ ಮೇಲೂ ಚಿತ್ರ ಮೂಡಲು ಗಂಟೆಗಟ್ಟಲೆ ರಾಸಾಯನಿಕದಲ್ಲಿ ಅದ್ದಿಡಬೇಕು. ಆ ಲೇಪಕ್ಕೆ ನೀಲಿ ಬೆಳಕು ಮಾತ್ರ ಚೆನ್ನಾಗಿ ನಾಟುತ್ತಿದ್ದುದರಿಂದ ಆಕಾಶ ಬರೀ ಬಿಳಿಯಾಗಿ ಬರುತ್ತಿತ್ತು. ಗುಡಿಯ ಮುಂದೆ ನಡೆದುಹೋದವರು ಚಿತ್ರದಲ್ಲಿ ಮೂಡುತ್ತಲೇ ಇರಲಿಲ್ಲ.

ಭೂದೃಶ್ಯ ತೆಗೆಯುವ ಲೆನ್ಸ್ ಆಗ ಎರಡು ಗಾಜುಗಳನ್ನು ಅಂಟಿಸಿದ ಸರಳ ಮಸೂರ. ಪೂರ್ತಿ ತೆರೆದರೆ ಅಂಚುಗಳು ಮಸುಕು. ಆದ್ದರಿಂದ ಮುಂದೆ ಸಣ್ಣ ರಂಧ್ರದ ತಗಡು ಇಟ್ಟು, ಬೆಳಕನ್ನು ಕಿರಿದಾಗಿಸಿ, ಅದಕ್ಕೆ ತಕ್ಕಂತೆ ಹೆಚ್ಚು ಹೊತ್ತು ಕಾಯುತ್ತಿದ್ದರು. ಲೆನ್ಸಿನ ದೋಷವನ್ನು ಸಮಯ ಕೊಟ್ಟು ತುಂಬಿಕೊಳ್ಳುವ ಈ ಉಪಾಯ ಇಂದಿನ ಅಗ್ಗದ ಲೆನ್ಸಿಗೂ ಹೊಂದುತ್ತದೆ.

ರಥದ ಮೇಲಿನ ಇಟ್ಟಿಗೆ ಶಿಖರ

ಇಂಥ ಚಿತ್ರಗಳ ಬೆಲೆ ಏನೆಂಬುದಕ್ಕೆ ಪಕ್ಕದ ಹಂಪಿಯಲ್ಲಿ ಒಳ್ಳೆಯ ಉದಾಹರಣೆಯಿದೆ. ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣದ ಕಾಗದದ ಮೇಲೆಯೇ ಹಂಪಿಯ ಚಿತ್ರಗಳನ್ನು ತೆಗೆದರು. ಅದರಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಕಾಣುತ್ತದೆ. ಇಂದು ಅದಿಲ್ಲ. ನೋಟಿನ ಮೇಲೆ ಅಚ್ಚಾಗಿರುವ ರಥಕ್ಕೂ ಶಿಖರವಿಲ್ಲ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಅಲ್ಲಿಂದಲೇ ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಉಳಿದದ್ದೆಷ್ಟು, ಅಳಿದದ್ದೆಷ್ಟು ಎಂಬ ಲೆಕ್ಕ ಸಿಗುತ್ತದೆ. ಮಂದ ಕಾಗದ, ಸರಳ ಮಸೂರ ಎಂದು ಗ್ರೀನ್‌ಲಾ ಸುಮ್ಮನಿದ್ದಿದ್ದರೆ ಆ ಶಿಖರ ಹೇಗಿತ್ತೆಂದು ನಾವು ಕಾಣುತ್ತಿರಲಿಲ್ಲ.

ಅರವತ್ತು ಲಕ್ಷ ಚುಕ್ಕೆ ಸಾಲದೇ?

ಈಗ ನಮ್ಮ ಕೈಯಲ್ಲಿರುವ ಹಳೆಯ ಕ್ಯಾಮೆರಾದ ಮಾತು. 2003ರಲ್ಲಿ ಕ್ಯಾನನ್ ಕಂಪೆನಿಯ 300ಡಿ, 2006ರಲ್ಲಿ ನಿಕಾನ್ ಡಿ40 ಮಾರುಕಟ್ಟೆಗೆ ಬಂದವು. ಎರಡರದೂ ಸುಮಾರು 6 ಮೆಗಾಪಿಕ್ಸೆಲ್, ಅಂದರೆ ಚಿತ್ರದಲ್ಲಿ ಅರವತ್ತು ಲಕ್ಷ ಚುಕ್ಕೆ. ಇಂದಿನ ಮೊಬೈಲ್ ಜಾಹೀರಾತುಗಳ ಮುಂದೆ ಇದು ಏನೂ ಅಲ್ಲ ಎನಿಸಬಹುದು. ಲೆಕ್ಕ ಹಾಕಿ ನೋಡೋಣ. ಡಿ40ರ ಚಿತ್ರ ಅಗಲದಲ್ಲಿ 3008, ಎತ್ತರದಲ್ಲಿ 2000 ಚುಕ್ಕೆಗಳದು. ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಿದರೆ ಹತ್ತು ಇಂಚು ಅಗಲದ ಅಚ್ಚುಕಟ್ಟಾದ ಫೋಟೊ. ಪತ್ರಿಕೆಯ ಕಾಗದಕ್ಕೆ ಇಂಚಿಗೆ 200 ಸಾಕು. ಹಾಗಾದರೆ ಹದಿನೈದು ಇಂಚು. ದಿನಪತ್ರಿಕೆಯ ಪುಟದ ಪೂರ್ತಿ ಅಗಲ ತುಂಬಲು ಅಷ್ಟು ಬೇಕಾದಷ್ಟಾಯಿತು.

ಹಳೆಯ ಕ್ಯಾಮೆರಾ ನಿಜವಾಗಿ ಸೋಲುವುದು ಕತ್ತಲಲ್ಲಿ. ಐಎಸ್‌ಒ ಎಂಬ ಬೆಳಕಿನ ಸಂವೇದನೆಯನ್ನು 1600ಕ್ಕೆ ಏರಿಸಿದರೆ ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಣುತ್ತದೆ. 200ರಲ್ಲೇ ಇಟ್ಟರೆ ನುಣುಪಾಗಿರುತ್ತದೆ. ಕಡಿಮೆ ಬೆಳಕಿಗೆ ಪಿಗೌ ಮಾಡಿದ್ದನ್ನೇ ಮಾಡಬೇಕು: ಕ್ಯಾಮೆರಾವನ್ನು ಅಲುಗದಂತೆ ಇಟ್ಟು ಹೆಚ್ಚು ಹೊತ್ತು ತೆರೆದಿಡಬೇಕು. ರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕಾಗುತ್ತದೆ. ಅದಿಲ್ಲದಿದ್ದರೆ ಬಟ್ಟೆಚೀಲದಲ್ಲಿ ಒಂದು ಕಿಲೊ ಜೋಳ ತುಂಬಿ ಹೊಲಿದುಕೊಳ್ಳಿ. ನೆಲದ ಮೇಲಿಟ್ಟ ಆ ಚೀಲದಲ್ಲಿ ಕ್ಯಾಮೆರಾ ಗೂಡಿನಲ್ಲಿ ಕುಳಿತ ಹಕ್ಕಿಯಂತೆ ಕೂರುತ್ತದೆ. ಗುಂಡಿಯನ್ನು ಬೆರಳಿಂದ ಒತ್ತಿದಾಗ ಆಗುವ ಅಲುಗಾಟ ತಪ್ಪಿಸಲು ಎರಡು ಸೆಕೆಂಡಿನ ಟೈಮರ್ ಹಾಕಿ. ಗದಗಿನ ತ್ರಿಕೂಟೇಶ್ವರ ಆವರಣದ ಸರಸ್ವತಿ ಗುಡಿಯ ಕುಸುರಿ ಕಂಬಗಳಂಥವನ್ನು ತೆಗೆಯಲು ಇದೇ ದಾರಿ. ಫ್ಲ್ಯಾಶ್ ಹಾಕಿದರೆ ಬೆಳಕು ನೇರವಾಗಿ ಬಡಿದು, ನೆರಳೇ ಇಲ್ಲದೆ ಕೆತ್ತನೆ ಚಪ್ಪಟೆಯಾಗಿಬಿಡುತ್ತದೆ.

ಕ್ಯಾಮೆರಾದ ಜೊತೆಗೇ ಬರುವ 18-55 ಲೆನ್ಸನ್ನು ಹಳಿಯುವವರೇ ಹೆಚ್ಚು. ಅದರ ಅಪರ್ಚರ್ ಅನ್ನು ಎಫ್8ಕ್ಕೆ ಕಿರಿದಾಗಿಸಿ; ಮಧ್ಯದಿಂದ ಅಂಚಿನವರೆಗೆ ಕೆತ್ತನೆ ಸ್ಪಷ್ಟವಾಗುತ್ತದೆ. ಇನ್ನೂ ಕಿರಿದಾಗಿ ಎಫ್16 ದಾಟಿದರೆ ಬೆಳಕು ರಂಧ್ರದ ಅಂಚಿನಲ್ಲಿ ಹರಡಿ ಮತ್ತೆ ಮಸುಕು. ಇನ್ನೊಂದು ಅಗ್ಗದ ಲೆನ್ಸ್ 50 ಎಂಎಂ ಎಫ್1.8. ಅಜ್ಜ ಅಜ್ಜಿಯರ ಮುಖ ತೆಗೆಯಲು ಇದರಷ್ಟು ಕಡಿಮೆ ಖರ್ಚಿನದು ಸಿಗುವುದು ಕಷ್ಟ. ಒಂದು ಎಚ್ಚರಿಕೆ: ನಿಕಾನ್ ಡಿ40ರೊಳಗೆ ಫೋಕಸ್ ಮೋಟಾರ್ ಇಲ್ಲ. ಹಳೆಯ 50 ಎಂಎಂ ‘ಡಿ’ ಲೆನ್ಸ್ ಹಾಕಿದರೆ ಕೈಯಿಂದಲೇ ಉಂಗುರ ತಿರುಗಿಸಿ, ಕಿಂಡಿಯಲ್ಲಿ ಹಸಿರು ಚುಕ್ಕೆ ಹೊತ್ತಿದಾಗ ಗುಂಡಿ ಒತ್ತಬೇಕು. ಈ ಲೇಖಕನ ಬಳಿ ಇರುವುದೂ ಇದೇ ಜೋಡಿ. ಮೊದಲ ವಾರ ಬೇಸರವಾಯಿತು. ಆಮೇಲೆ ಅದೇ ನಿಧಾನದಿಂದ ಚೌಕಟ್ಟಿನ ಮೂಲೆಗಳನ್ನು ನೋಡುವ ಅಭ್ಯಾಸವಾಯಿತು.

ಬಳಸಿದ ಲೆನ್ಸ್ ಕೊಳ್ಳುವಾಗ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಕೊಳ್ಳಬೇಡಿ.

ಸೂರ್ಯನ ಲೆಕ್ಕ

ಎಷ್ಟು ಹಣ ಸುರಿದರೂ ಕೊಳ್ಳಲಾಗದ್ದು ಬೆಳಕು. ಅದು ಎಲ್ಲರಿಗೂ ಪುಕ್ಕಟೆ, ಆದರೆ ಅದರ ವೇಳೆ ತಿಳಿದಿರಬೇಕು. ಗದಗ ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಆಗ ಚಾಲುಕ್ಯ ಗುಡಿಗಳ ಚಾಚಿದ ಚಜ್ಜದ ನೆರಳು ನೇರ ಕೆಳಗಿಳಿದು ಗೋಡೆಯ ಶಿಲ್ಪಗಳನ್ನು ನುಂಗುತ್ತದೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ದಕ್ಷಿಣದ ಗೋಡೆಗೆ ದಿನವಿಡೀ ಓರೆ ಬಿಸಿಲು. ಉತ್ತರದ ಗೋಡೆಗೆ ಚಳಿಗಾಲದಲ್ಲಿ ನೇರ ಬಿಸಿಲೇ ಇಲ್ಲ; ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ಬೆಳಗು ಸಂಜೆಗಳಲ್ಲೇ ಅದರ ಚಿತ್ರ ತೆಗೆಯಬೇಕು. ಲಕ್ಕುಂಡಿಯ ಕಾಶಿ ವಿಶ್ವನಾಥ ಗುಡಿಯನ್ನು ಸುತ್ತ ಪೂರ್ತಿ ದಾಖಲಿಸಬೇಕೆಂದರೆ ವರ್ಷದಲ್ಲಿ ಎರಡು ಸಲ ಹೋಗಬೇಕು ಎಂದಾಯಿತು.

ಶಾಸನಗಳಿಗೂ ಇದೇ ಸೂತ್ರ. ಲಕ್ಷ್ಮೇಶ್ವರ, ಅಂದರೆ ಹಳೆಯ ಪುಲಿಗೆರೆ, ಶಾಸನಗಳ ಊರು. ಸವೆದ ಅಕ್ಷರಕ್ಕೆ ಎದುರಿನಿಂದ ಬೆಳಕು ಬಿದ್ದರೆ ಬರೀ ಕಲ್ಲು ಕಾಣುತ್ತದೆ. ಸಂಜೆ ನೆರಳಾದ ಮೇಲೆ, ಕಲ್ಲಿನ ಪಕ್ಕದಿಂದ ಗೋಡೆಗೆ ಒರಗಿದಂತೆ ಟಾರ್ಚ್ ಬಿಟ್ಟರೆ ಪ್ರತಿ ಅಕ್ಷರದ ಗುಳಿಯಲ್ಲಿ ನೆರಳು ತುಂಬಿ ಸಾಲು ಓದಲು ಬರುತ್ತದೆ. ಅಕ್ಷರ ಕಾಣಲೆಂದು ಸುಣ್ಣ, ಸೀಮೆಸುಣ್ಣ ಹಚ್ಚುವವರಿದ್ದಾರೆ. ಅದರಿಂದ ಕಲ್ಲಿಗೆ ಹಾನಿ. ಟಾರ್ಚಿನಿಂದ ಹಾನಿಯಿಲ್ಲ.

ಅಗ್ಗದ ಉಪಕರಣಕ್ಕೆ ಮಿತಿಯೂ ಇದೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ, 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಆ ಕೆರೆಗೆ, ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಸಣ್ಣ ಜೂಮ್ ಲೆನ್ಸಿನಿಂದ ಒಂದು ಹಕ್ಕಿಯ ಕಣ್ಣು ತೆಗೆಯಲು ಹೋದರೆ ನಿರಾಸೆಯೇ ಗತಿ. ಬೆಳಗಿನ ಮಂಜಿನಲ್ಲಿ ಹಿಂಡು, ನೀರು, ದಡದ ಊರು ಮೂರೂ ಸೇರುವಂತೆ ನಿಂತರೆ, ದುಬಾರಿ ಲೆನ್ಸಿನವರು ಬಿಟ್ಟುಹೋದ ಚಿತ್ರ ಸಿಗುತ್ತದೆ.

ಪಟ್ಟಿಗೆ ಸೇರದ ಗುಡಿಗಳು

ಡಂಬಳ, ಲಕ್ಕುಂಡಿಗಳಿಗೆ ಪಿಗೌ ಬಂದರು. ಆಮೇಲೆ ಹೆನ್ರಿ ಕಸಿನ್ಸ್ ಬಂದು ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪದ ಕುರಿತ ಗ್ರಂಥವನ್ನು 1926ರಲ್ಲಿ ಹೊರತಂದರು. ಆದರೆ ಊರ ಹೊರಗಿನ ವೀರಗಲ್ಲಿಗೆ, ಬಾವಿಯ ಕಟ್ಟೆಗೆ, ಹಳ್ಳಿಯ ಹನುಮಪ್ಪನ ಗುಡಿಯ ಬಾಗಿಲವಾಡಕ್ಕೆ, ಬೆಟಗೇರಿಯ ಹಳೆಯ ನೇಕಾರರ ಮನೆಗೆ ಅಂಥವರು ಬರಲಿಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ಕಲ್ಲಿಗೆ ಎಣ್ಣೆಬಣ್ಣ ಬಳಿದು, ಗೋಡೆಗೆ ಟೈಲ್ಸ್ ಅಂಟಿಸಿದ ಮರುದಿನ ಹಿಂದಿನದು ಹೇಗಿತ್ತೆಂದು ಹೇಳಲು ಏನೂ ಉಳಿಯುವುದಿಲ್ಲ. ವಯಸ್ಸಾದವರ ನೆನಪೊಂದೇ ಆಧಾರ.

ಕಪಾಟಿನಲ್ಲಿರುವ ಹಳೆಯ ಕ್ಯಾಮೆರಾದ ಬ್ಯಾಟರಿಯನ್ನು ಈ ಭಾನುವಾರ ಚಾರ್ಜ್ ಮಾಡಿ. ನಿಮ್ಮೂರಿನ ಒಂದು ಕಲ್ಲಿಗೆ ಬಿಸಿಲು ಯಾವಾಗ ಓರೆಯಾಗಿ ಬೀಳುತ್ತದೆಂದು ನೋಡಿಕೊಂಡು ಆ ಹೊತ್ತಿಗೆ ಹೋಗಿ. ಚಿತ್ರದ ಜೊತೆ ಊರು, ದಿಕ್ಕು, ದಿನಾಂಕ ಬರೆದಿಡಿ. ಎರಡು ಕಡೆ ಪ್ರತಿ ಇರಲಿ. ನೂರು ವರ್ಷದ ನಂತರ ಅದನ್ನು ನೋಡುವವರು ಯಾವ ಕಂಪೆನಿಯ ಕ್ಯಾಮೆರಾ ಎಂದು ಕೇಳುವುದಿಲ್ಲ. ಆ ಗುಡಿ ಹೇಗಿತ್ತು ಎಂದು ಕೇಳುತ್ತಾರೆ.