ಕಿವಿಗಲ್ಲಿನಲ್ಲಿ ಉಳಿದ ಲೋಫೋಟೆನ್

ಜನವರಿ ಬಂತೆಂದರೆ ನಾರ್ವೆಯ ಉತ್ತರದ ಲೋಫೋಟೆನ್ ದ್ವೀಪಗಳಿಗೆ ಕಾಡ್ ಮೀನಿನ ಸುಗ್ಗಿ. ಬ್ಯಾರೆಂಟ್ಸ್ ಸಮುದ್ರದಲ್ಲಿ ಮೇಯ್ದು ಕೊಬ್ಬಿದ ಮೀನು ನೂರಾರು ಕಿಲೋಮೀಟರ್ ಈಜಿಕೊಂಡು ಮೊಟ್ಟೆಯಿಡಲು ಇಲ್ಲಿಗೆ ಬರುತ್ತದೆ. ಹಾಗೆ ಬರುವ ಮೀನಿಗೆ ಅಲ್ಲಿನವರು ‘ಸ್ಕ್ರೈ’ ಎನ್ನುತ್ತಾರೆ. ಅಲೆಯುತ್ತಾ ಸಾಗುವುದು ಎಂಬ ಅರ್ಥದ ಹಳೆಯ ಮಾತಿನಿಂದ ಬಂದ ಹೆಸರು ಅದು. ಮರದ ಚಪ್ಪರಗಳಿಗೆ ನೇತುಹಾಕಿ ಚಳಿಗಾಳಿಯಲ್ಲಿ ಒಣಗಿಸಿದ ಈ ಮೀನು ಶತಮಾನಗಳ ಕಾಲ ಬರ್ಗೆನ್ ಬಂದರಿನ ಮೂಲಕ ಯುರೋಪಿಗೆ ಹೋಗುತ್ತಿತ್ತು. ಒಂದು ವರ್ಷ ದೋಣಿ ತುಂಬಿ ತುಳುಕುವಷ್ಟು ಮೀನು, ಮತ್ತೊಂದು ವರ್ಷ ಖಾಲಿ ಬಲೆ. ಕಾರಣ ಯಾರಿಗೂ ಗೊತ್ತಿರಲಿಲ್ಲ.

ಕಾರಣ ಹುಡುಕಲು 1864ರಲ್ಲಿ ಸರ್ಕಾರ ಗೇಯೋರ್ಗ್ ಓಸ್ಸಿಯಾನ್ ಸಾರ್ಸ್ ಎಂಬ ತರುಣ ವಿಜ್ಞಾನಿಯನ್ನು ಲೋಫೋಟೆನ್‌ಗೆ ಕಳಿಸಿತು. ಕಾಡ್ ಮೀನಿನ ಮೊಟ್ಟೆಗಳು ಸಮುದ್ರದ ತಳದಲ್ಲಿ ಅಂಟಿಕೊಂಡಿರದೆ ನೀರಿನಲ್ಲಿ ತೇಲುತ್ತವೆ ಎಂದು ಅವರು ಕಂಡುಕೊಂಡರು. ದೊಡ್ಡ ಸಂಗತಿಯೇ. ಆದರೂ ಮೂಲ ಪ್ರಶ್ನೆ ಹಾಗೆಯೇ ಉಳಿಯಿತು. ಬಲೆಗೆ ಬಿದ್ದ ಮೀನಿನ ವಯಸ್ಸೆಷ್ಟು, ಅದು ಮೊಟ್ಟೆಯಿಡಲು ಬಂದದ್ದು ಮೊದಲ ಸಲವೋ ಐದನೆಯ ಸಲವೋ ಎಂದು ತಿಳಿಯದೆ ಮುಂದಿನ ವರ್ಷದ ಮಾತು ಹೇಳುವುದು ಹೇಗೆ?

ವಯಸ್ಸಿನ ಲೆಕ್ಕ ಮೀನಿನ ಮೈಯಲ್ಲೇ ಇದೆ ಎಂಬುದು ಅದಕ್ಕೂ ನೂರು ವರ್ಷ ಹಿಂದೆಯೇ ಒಬ್ಬರಿಗೆ ಹೊಳೆದಿತ್ತು. ಹಾನ್ಸ್ ಹೆಡರ್‌ಸ್ಟ್ರೋಮ್ ಎಂಬ ಸ್ವೀಡನ್ನಿನ ಪಾದ್ರಿ 1759ರಲ್ಲಿ ಪೈಕ್ ಮೀನಿನ ಬೆನ್ನುಮೂಳೆಯ ಉಂಗುರಗಳನ್ನು ಎಣಿಸಿ ವಯಸ್ಸು ಹೇಳಿದ್ದರು. ಆ ಬರಹ ಬಹುಕಾಲ ಮರೆತೇಹೋಗಿತ್ತು. 1899ರಲ್ಲಿ ಜರ್ಮನಿಯ ಯೋಹಾನೆಸ್ ರೈಬಿಷ್ ಪ್ಲೇಸ್ ಎಂಬ ಚಪ್ಪಟೆ ಮೀನಿನ ಕಿವಿಗಲ್ಲಿನಲ್ಲಿ ವರ್ಷದ ಉಂಗುರಗಳನ್ನು ತೋರಿಸಿದರು.

ಕಿವಿಗಲ್ಲನ್ನು ಕಿವಿಯ ಮೂಳೆ ಎಂದು ಕರೆಯುವುದುಂಟು, ಆದರೆ ಇದು ಮೂಳೆಯಲ್ಲ, ಸುಣ್ಣದ ಕಲ್ಲು. ಕ್ಯಾಲ್ಸಿಯಂ ಕಾರ್ಬೊನೇಟ್ ಪದರ ಪದರವಾಗಿ ಕೂತು ಬೆಳೆದದ್ದು. ಮೀನಿನ ಒಳಗಿವಿಯಲ್ಲಿ ಇಂಥ ಮೂರು ಜೊತೆ ಇರುತ್ತವೆ. ಕೇಳುವುದಕ್ಕೂ ಮೈಯ ಸಮತೋಲಕ್ಕೂ ಅವೇ ಆಸರೆ. ನಮ್ಮ ಕರಾವಳಿಯಲ್ಲಿ ಕಲ್ಲೂರು ಮೀನಿನ ತಲೆ ಒಡೆದು ತಿಂದವರಿಗೆ ಹಲ್ಲಿಗೆ ತಗಲುವ ಆ ಬಿಳಿ ಕಲ್ಲಿನ ಪರಿಚಯ ಇದ್ದೇ ಇರುತ್ತದೆ. ಮೀನಿನ ಹುರುಪೆ ಉದುರಿ ಮತ್ತೆ ಹುಟ್ಟುತ್ತದೆ, ಹೊಟ್ಟೆಗಿಲ್ಲದ ಕಾಲದಲ್ಲಿ ಸವೆಯುತ್ತದೆ. ಕಿವಿಗಲ್ಲು ಹಾಗಲ್ಲ. ಒಮ್ಮೆ ಕೂತ ಪದರವನ್ನು ಮೀನಿನ ಮೈ ಮತ್ತೆ ಕರಗಿಸಿಕೊಳ್ಳುವುದಿಲ್ಲ.

ಇಷ್ಟಿದ್ದರೂ ಮೊದಲು ಹೆಸರು ಬಂದದ್ದು ಹುರುಪೆಗೇ. ನಾರ್ವೆಯ ಯೋಹಾನ್ ಯೋರ್ಟ್ 1914ರಲ್ಲಿ ಪ್ರಕಟಿಸಿದ ಹೆರಿಂಗ್ ಮೀನಿನ ಅಧ್ಯಯನ ಹುರುಪೆಯ ಉಂಗುರಗಳ ಮೇಲೆ ನಿಂತಿತ್ತು. 1904ರಲ್ಲಿ ಹುಟ್ಟಿದ ಒಂದೇ ಪೀಳಿಗೆ ವರ್ಷಾನುಗಟ್ಟಲೆ ಬಲೆಗಳನ್ನು ತುಂಬುತ್ತಾ ಬಂದಿತ್ತು. ಸುಗ್ಗಿಯ ಏರಿಳಿತದ ಗುಟ್ಟು ಮರಿಗಳು ಬದುಕುಳಿಯುವುದರಲ್ಲಿದೆ ಎಂಬುದು ಆಗ ಸ್ಪಷ್ಟವಾಯಿತು.

ಕಾಡ್ ಮೀನಿನ ಕಥೆಯನ್ನು ಮುಂದಕ್ಕೆ ಒಯ್ದವರು ನಾರ್ವೆಯವರೇ ಆದ ವಿಜ್ಞಾನಿ ಗುನ್ನಾರ್ ರೋಲೆಫ್‌ಸೆನ್. ನನ್ನ ಮಟ್ಟಿಗೆ ಈ ಇತಿಹಾಸದ ಅತ್ಯಂತ ಸೊಗಸಾದ ಘಟ್ಟ ಇದೇ. ಕಾಡ್ ಮೀನಿನ ಕಿವಿಗಲ್ಲು ಅವರೆ ಬೇಳೆಯಂತಿದ್ದು, ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲುಗಳಿರುತ್ತವೆ. ಅದನ್ನು ನಡುವಿಗೆ ಅಡ್ಡಲಾಗಿ ಮುರಿದು, ಮುರಿದ ಮುಖಕ್ಕೆ ಬೆಳಕು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದು ಬಿಳಿ ಪಟ್ಟೆ, ಒಂದು ಅರೆಪಾರದರ್ಶಕ ಪಟ್ಟೆ. ಎರಡೂ ಸೇರಿದರೆ ಒಂದು ವರ್ಷ. ಮೊದಲ ಕೆಲವು ವರ್ಷಗಳ ಪಟ್ಟೆಗಳು ಅಗಲವಾಗಿ, ತುಸು ಏರುಪೇರಾಗಿ ಹೋಗುತ್ತವೆ. ಆಮೇಲೆ ಒಂದು ಗೆರೆ ದಾಟಿದ ಕೂಡಲೇ ಇಕ್ಕಟ್ಟಾಗಿ, ಒಂದೇ ಅಳತೆಯಲ್ಲಿ ಕೂರುತ್ತವೆ. ಆ ಗೆರೆಯೇ ಮೀನು ಮೊದಲ ಬಾರಿ ಮೊಟ್ಟೆಯಿಡಲು ಹೊರಟ ವರ್ಷ ಎಂದು 1933 ಮತ್ತು 1935ರ ಬರಹಗಳಲ್ಲಿ ರೋಲೆಫ್‌ಸೆನ್ ತೋರಿಸಿಕೊಟ್ಟರು. ಮೈ ಬೆಳೆಸುತ್ತಿದ್ದ ಶಕ್ತಿ ಆಮೇಲೆ ಮೊಟ್ಟೆಗೆ, ವೀರ್ಯಕ್ಕೆ, ಪ್ರತಿ ಚಳಿಗಾಲದ ದೂರದ ಪಯಣಕ್ಕೆ ಖರ್ಚಾಗುತ್ತದೆ.

ಹೀಗೆ ಒಂದು ಮುರಿದ ಕಲ್ಲಿನಿಂದ ಮೀನಿನ ವಯಸ್ಸು, ಪ್ರಾಯಕ್ಕೆ ಬಂದ ವರ್ಷ, ಎಷ್ಟು ಬಾರಿ ಲೋಫೋಟೆನ್‌ಗೆ ಬಂದುಹೋಗಿದೆ ಎಂಬ ಲೆಕ್ಕ ಮೂರೂ ಸಿಕ್ಕವು. ಈ ವರ್ಷ ಹಿಡಿದ ಮೀನಿನಲ್ಲಿ ಹೊಸಬರೆಷ್ಟು, ಹಳಬರೆಷ್ಟು ಎಂದು ಎಣಿಸಿ ಮುಂದಿನ ಸುಗ್ಗಿಯನ್ನು ಅಂದಾಜು ಮಾಡಬಹುದಾಯಿತು.

ಚಳಿಗೆ ಬೆಳವಣಿಗೆ ನಿಧಾನವಾದಾಗ ಮೂಡುವ ಉಂಗುರ, ಚಳಿಗಾಲವೇ ಇಲ್ಲದ ನಮ್ಮ ಕಡಲಿನಲ್ಲಿ ಮೂಡುತ್ತದೆಯೇ ಎಂಬ ಅನುಮಾನ ಆಗ ಸಹಜವಾಗಿತ್ತು. 1949ರಲ್ಲಿ ಆರ್. ವೇಲಪ್ಪನ್ ನಾಯರ್ ಬೂತಾಯಿ ಮೀನಿನ ಕಿವಿಗಲ್ಲಿನ ಉಂಗುರಗಳ ಬಗ್ಗೆ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಎರಡು ವರ್ಷದ ಬಳಿಕ ಶೇಷಪ್ಪ ಮತ್ತು ಭೀಮಾಚಾರ್ ಅದೇ ಪತ್ರಿಕೆಯಲ್ಲಿ ಮಲಬಾರಿನ ನಂಗ್ ಮೀನಿನ ಹುರುಪೆಯಿಂದ ವಯಸ್ಸು ತಿಳಿಯುವ ಬಗೆಯನ್ನು ಚರ್ಚಿಸಿದರು. ನಾರ್ವೆಯಲ್ಲಿ ಚಳಿ ಮಾಡುವ ಕೆಲಸವನ್ನು ಇಲ್ಲಿ ಮುಂಗಾರು ಮಾಡುತ್ತದೆ. ಸುಮಾರು ಒಂದು ವರ್ಷಕ್ಕೇ ಪ್ರಾಯಕ್ಕೆ ಬರುವ ಬೂತಾಯಿಯಂಥ ಮೀನಿಗೆ ವರ್ಷದ ಉಂಗುರ ಸಾಲದು. 1971ರಲ್ಲಿ ಜಾರ್ಜಿಯೋ ಪನೆಲ್ಲಾ ಕಿವಿಗಲ್ಲಿನಲ್ಲಿ ದಿನಕ್ಕೊಂದು ಪದರ ಕೂರುತ್ತದೆಂದು ತೋರಿಸಿದ ಮೇಲೆ ಎಳೆಯ ಮೀನು ಹುಟ್ಟಿದ ದಿನವನ್ನೂ ಹಿಂದಕ್ಕೆ ಎಣಿಸುವ ದಾರಿ ತೆರೆಯಿತು.

ಲೋಫೋಟೆನ್‌ನ ಕಲ್ಲುಗಳು ಹೇಳಬೇಕಾದದ್ದು ಇನ್ನೂ ಇತ್ತು. ದಶಕಗಳ ಕಾಲ ಬಿಡದೆ ಸಂಗ್ರಹಿಸಿದ ಕಿವಿಗಲ್ಲುಗಳ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದಾಗ, ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಹತ್ತು ವರ್ಷದ ಆಸುಪಾಸಿನಲ್ಲಿ ಪ್ರಾಯಕ್ಕೆ ಬರುತ್ತಿದ್ದ ಕಾಡ್ ಶತಮಾನದ ಕೊನೆಯ ಹೊತ್ತಿಗೆ ಏಳೆಂಟು ವರ್ಷಕ್ಕೇ ಬರುತ್ತಿರುವುದು ಕಂಡಿತು. ಹಿಂದೆ ಹೆಚ್ಚಾಗಿ ಹಿಡಿಯುತ್ತಿದ್ದದ್ದು ಲೋಫೋಟೆನ್‌ಗೆ ಬಂದ ದೊಡ್ಡ ಮೀನನ್ನು. ತಡವಾಗಿ ಪ್ರಾಯಕ್ಕೆ ಬರುವ ಮೀನು ಬ್ಯಾರೆಂಟ್ಸ್‌ನಲ್ಲಿ ಮೇಯುತ್ತಾ ಸುರಕ್ಷಿತವಾಗಿರುತ್ತಿತ್ತು. 1930ರ ದಶಕದಿಂದ ಟ್ರಾಲರ್‌ಗಳು ಆ ಮೇವಿನ ನೆಲೆಗೇ ಹೋದವು. ಮೊಟ್ಟೆಯಿಡಲು ಹತ್ತು ವರ್ಷ ಕಾಯುವ ಮೀನು ಅಷ್ಟರೊಳಗೆ ಬಲೆಗೆ ಬೀಳತೊಡಗಿತು. ಬೇಗ ಪ್ರಾಯಕ್ಕೆ ಬರುವ ತಳಿಯನ್ನು ಮನುಷ್ಯನೇ ಆಯ್ದು ಉಳಿಸಿದನೇ? ಅಥವಾ ಮೀನು ಕಡಿಮೆಯಾಗಿ, ಉಳಿದವಕ್ಕೆ ಮೇವು ಹೆಚ್ಚಾಗಿ, ಬೇಗ ಬೆಳೆದವೇ? ಈ ವಾದ ಹಲವು ವರ್ಷಗಳಿಂದ ನಡೆದಿದೆ.

2021ರಲ್ಲಿ ವಿಜ್ಞಾನಿಗಳ ಒಂದು ತಂಡ 1907ರಲ್ಲಿ ಲೋಫೋಟೆನ್‌ನಲ್ಲಿ ಹಿಡಿದ ಮೀನುಗಳಿಂದ ಕಾಪಿಟ್ಟಿದ್ದ ಹಳೆಯ ಮಾದರಿಗಳಿಂದ ಡಿಎನ್‌ಎ ತೆಗೆದು, ಈ ಕಾಲದ ಕಾಡ್ ಜೊತೆ ಹೋಲಿಸಿತು. ವಂಶವಾಹಿಗಳ ವೈವಿಧ್ಯದಲ್ಲಿ ದೊಡ್ಡ ನಷ್ಟವಾಗಲೀ ಎದ್ದುಕಾಣುವ ಬದಲಾವಣೆಯಾಗಲೀ ಸಿಗಲಿಲ್ಲ. ಅನೇಕ ವಂಶವಾಹಿಗಳಲ್ಲಿ ಹಂಚಿಹೋದ ಸಣ್ಣ ಬದಲಾವಣೆಗಳು ಇರಬಹುದೆಂಬ ಸಾಧ್ಯತೆಯನ್ನು ಮಾತ್ರ ಆ ಫಲಿತಾಂಶ ತಳ್ಳಿಹಾಕುವುದಿಲ್ಲ. 1907ರಲ್ಲಿ ಆ ಮಾದರಿಗಳನ್ನು ಎತ್ತಿಟ್ಟವರಿಗೆ ಡಿಎನ್‌ಎ ಎಂಬ ಮಾತೇ ಗೊತ್ತಿರಲಿಲ್ಲ.