ಒಂಬತ್ತಕ್ಕೆ ಒಂಬತ್ತು ಗೆದ್ದೂ ಮುಚ್ಚಿಹೋದ ತಂಡ

1951. ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ. ಇದು ನಮ್ಮ ಕಾಲ್ಚೆಂಡಾಟ ಅಲ್ಲ, ಚೆಂಡನ್ನ ತೋಳಲ್ಲಿ ಅವುಚಿಕೊಂಡು ಓಡೋ ಅಮೆರಿಕನ್ ಆಟ. ಆ ವರ್ಷ ಆಡಿದ್ದು 9 ಪಂದ್ಯ, ಗೆದ್ದಿದ್ದೂ 9. ಆಲಿ ಮ್ಯಾಟ್ಸನ್ ಒಬ್ಬರೇ 1,566 ಗಜ ಓಡಿ ದೇಶಕ್ಕೇ ಮೊದಲಿಗರಾದ್ರು.

ಇಂಥ ತಂಡಗಳಿಗೆ ಸೀಸನ್ ಕೊನೆಗೆ ‘ಬೌಲ್’ ಪಂದ್ಯದ ಕರೆ ಬರುತ್ತೆ. ಹೆಸರಿನ ಜೊತೆ ದುಡ್ಡೂ ಬರುತ್ತೆ. ಕಾಲೇಜಿಗೆ ಆ ದುಡ್ಡು ಬೇಕೇ ಬೇಕಿತ್ತು, ಫುಟ್‌ಬಾಲ್ ಖಾತೆ ನಷ್ಟದಲ್ಲಿತ್ತು. ಆದ್ರೆ ಬಂದಿದ್ದು ಒಂದು ಷರತ್ತು: ಮ್ಯಾಟ್ಸನ್ ಮತ್ತು ಬರ್ಲ್ ಟೋಲರ್ ಇಬ್ಬರನ್ನ ಬಿಟ್ಟು ಬರಬೇಕು. ಯಾಕಂದ್ರೆ ಅವರಿಬ್ಬರೂ ಕಪ್ಪು ವರ್ಣೀಯರು. ಉಳಿದ ಹುಡುಗರು ಒಪ್ಪಲಿಲ್ಲ. ಹೋದ್ರೆ ಎಲ್ಲರೂ, ಇಲ್ಲಾಂದ್ರೆ ಯಾರೂ ಇಲ್ಲ.

ಯಾರೂ ಹೋಗಲಿಲ್ಲ. ಸೀಸನ್ ಮುಗಿದ ಮೇಲೆ ಕಾಲೇಜು ತಂಡವನ್ನೇ ಮುಚ್ಚಿತು.

ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಮ್ಯಾಟ್ಸನ್ ಓಟದಲ್ಲಿ ಎರಡು ಪದಕ ಗೆದ್ರು. 1965ರಲ್ಲಿ ಟೋಲರ್ ಎನ್‌ಎಫ್‌ಎಲ್‌ನ ಮೊದಲ ಕಪ್ಪು ವರ್ಣೀಯ ಅಂಪೈರಿಂಗ್ ಅಧಿಕಾರಿ ಆದ್ರು.

ನಾವು ಬಿಕಾಂನವರು ಲಾಭ-ನಷ್ಟ ಅಂತ ಎರಡು ಕಾಲಂ ಹಾಕ್ತೀವಿ. ಆ ಹುಡುಗರು ಬೇಡ ಅಂದಿದ್ದನ್ನ ಯಾವ ಕಾಲಂಗೆ ಬರೀತೀರಾ, ನೀವೇ ಹೇಳಿ.